ಸ್ತಮೆನಾ ನೂಲು ಕಚ್ಚುವುದನ್ನು ಬಿಟ್ಟದ್ದು

ದಬ್, ದಬ್, ದಬ್. ಒಂದು ಉಸಿರಿನಷ್ಟು ತಡೆ. ಮತ್ತೆ ದಬ್, ದಬ್.

ಪಿರೋತ್ ಪಟ್ಟಣದಲ್ಲಿ ನಿಶಾವಾ ಹೊಳೆಯ ಕಡೆಗೆ ಇಳಿಯುವ ನಮ್ಮ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದ. ಸ್ತಮೆನಾ ಜಮಖಾನ ನೇಯುತ್ತಿದ್ದಾಳೆ ಎಂದು ಅರ್ಥ. ಗೋಡೆಗೆ ಒರಗಿ ನಿಂತ ಎತ್ತರದ ಮಗ್ಗ, ಅದರ ಮುಂದೆ ಗಿಡ್ಡ ಪೀಠ, ಕೈಯಲ್ಲಿ ಮರದ ಭಾರದ ಬಾಚಣಿಗೆ. ಬಣ್ಣದ ಉಣ್ಣೆಯನ್ನು ಹಾಸಿನ ಎಳೆಗಳ ನಡುವೆ ತೂರಿಸಿ, ಬಾಚಣಿಗೆಯಿಂದ ಕೆಳಕ್ಕೆ ಬಡಿದು ಕೂರಿಸಬೇಕು. ಕಿಟಕಿ ತೆರೆದಿದ್ದರೆ ಸದ್ದು ಸೇತುವೆಯವರೆಗೂ ಹೋಗುತ್ತದೆ. ಬೀದಿಯವರು ಅವಳ ಮುಖ ನೋಡಬೇಕಾಗಿಲ್ಲ. ಖುಷಿಯಲ್ಲಿದ್ದರೆ ಬಡಿತ ಕುಣಿಯುತ್ತದೆ. ಸಿಟ್ಟಿದ್ದರೆ ಒಂದೊಂದು ಏಟೂ ಯಾರಿಗೋ ಕೊಟ್ಟ ಹಾಗಿರುತ್ತದೆ. ಗಂಡ ವಿತೊಮಿರ್ ಚೀಸ್ ಡೇರಿಯ ವ್ಯಾನ್ ಓಡಿಸುವವನು. ಸಂಜೆ ಬೀದಿಯ ತುದಿಯಲ್ಲೇ ವ್ಯಾನ್ ನಿಲ್ಲಿಸಿ ಕಿವಿಗೊಟ್ಟು ಕೇಳಿ, ಮನೆಗೆ ಹೋಗುವುದೋ ಇನ್ನೊಂದು ಸುತ್ತು ಹಾಕಿ ಬರುವುದೋ ಎಂದು ಅವನು ತೀರ್ಮಾನಿಸುತ್ತಾನೆ ಎಂದು ಜನ ನಗುತ್ತಾರೆ.

ಸ್ತಮೆನಾ ಅಗಲ ಭುಜದ ಹೆಂಗಸು. ನಕ್ಕರೆ ಬಾಯಿ ತುಂಬ ನಗುತ್ತಾಳೆ, ಕೊನೆಯ ದವಡೆ ಹಲ್ಲಿನವರೆಗೂ ಕಾಣುವ ಹಾಗೆ. ನೇಯ್ಗೆ ಕಲಿಸಿದ್ದು ಅಜ್ಜಿ. ಪಿರೋತಿನ ಜಮಖಾನಕ್ಕೆ ಒಳಮೈ ಹೊರಮೈ ಎಂಬುದಿಲ್ಲ, ಎರಡು ಕಡೆಯೂ ಒಂದೇ ಚಿತ್ರ. ಹಾಗಾಗಿ ನೂಲಿನ ತುದಿಗಳನ್ನು ಎಲ್ಲಿಯೂ ಕಾಣದಂತೆ ಮುಗಿಸಬೇಕು. ಅಜ್ಜಿ ತುದಿಯನ್ನು ಎಡದವಡೆಗೆ ಕೊಟ್ಟು ಟಕ್ಕನೆ ಕಡಿಯುತ್ತಿದ್ದಳು. "ಕತ್ತರಿ ಹುಡುಕೋ ಹೊತ್ತಿಗೆ ಎರಡು ಸಾಲು ಆಗತ್ತೆ ಮಗಳೇ. ದೇವರು ಬಾಯಲ್ಲೇ ಕತ್ತರಿ ಇಟ್ಟು ಕಳಿಸಿದಾನೆ" ಎನ್ನುತ್ತಿದ್ದಳಂತೆ. ಅಜ್ಜಿ ಹೋಗುವ ಹೊತ್ತಿಗೆ ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ ಎಂಬುದನ್ನು ಸ್ತಮೆನಾ ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಂಪು, ನೀಲಿ, ಹಸಿರು, ಎಲ್ಲ ನೂಲಿನ ರುಚಿಯೂ ಅವಳಿಗೆ ಗೊತ್ತಿತ್ತು. ಕೆಂಪಿಗೆ ಸ್ವಲ್ಪ ಹುಳಿ ಎನ್ನುತ್ತಿದ್ದಳು.

ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ, ಬೀದಿಯೂ ಕೇಳುತ್ತಿರಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಬಸುರಿಯಾದಾಗಲೂ ಅವಳು ಬಾಯಿಬಿಡಲಿಲ್ಲ. ಆದರೆ ಒಂದು ಬೇಸಿಗೆಯ ಬೆಳಗ್ಗೆ ಬಡಿತ ಸ್ವಲ್ಪ ಬೇರೆಯಾಗಿ ಕೇಳಿತು. ಎದುರು ಮನೆಯ ಝಿವೋಯಿನ್ ತಾತ ಕಾಫಿ ಲೋಟ ಕೆಳಗಿಟ್ಟು, "ಇವಳು ಮಗ್ಗದಿಂದ ದೂರ ಕೂತು ಬಡಿತಿದಾಳೆ. ನಡುವೆ ಯಾರೋ ಬಂದಿದಾರೆ" ಎಂದ.

ಆಮೇಲೆ ಬೀದಿಗೆ ಬೀದಿಯೇ ಹಬ್ಬ. ನಮ್ಮಲ್ಲಿ ಬಸುರಿ ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. ಅಂದವರ ಕಣ್ಣುರೆಪ್ಪೆಯ ಮೇಲೆ ಕುರು ಏಳುತ್ತದೆ. ಸ್ವಂತ ತಮ್ಮನಿಗೂ ತನ್ನ ಮರದ ದುನ್ಯಾ ಹಣ್ಣು ಕೊಡದ ಝಿವೋಯಿನ್ ತಾತ, ಆ ಶರತ್ಕಾಲದಲ್ಲಿ ಬೀರುವಿನ ಮೇಲಿಟ್ಟರೆ ಇಡೀ ಕೋಣೆ ಪರಿಮಳಿಸುವಂಥ ಹಳದಿ ಹಣ್ಣುಗಳ ಬುಟ್ಟಿಯನ್ನೇ ಹೊತ್ತು ತಂದ.

"ಒಂದು ಸಾಕಿತ್ತು ತಾತ" ಎಂದಳು ಸ್ತಮೆನಾ.

"ಎರಡು ಕಣ್ಣಿದೆ ನನಗೆ, ಎರಡಕ್ಕೂ ಭಯ" ಎಂದ ತಾತ.

ಮಗು ಹುಟ್ಟುವ ಮೊದಲು ಮಗುವಿಗೆಂದು ಒಂದು ಟೋಪಿಯನ್ನೂ ತರಬಾರದು ಎಂಬುದು ಇನ್ನೊಂದು ಕಟ್ಟಳೆ. ಸ್ತಮೆನಾ ಮಗ್ಗದ ಮೇಲೆ ಒಂದು ಪುಟ್ಟ ಜಮಖಾನ ಶುರುಮಾಡಿದಳು, ಕೆಂಪು ನೆಲದ ಮೇಲೆ ಆಮೆಗಳ ಚಿತ್ರ. ನೀಶ್ ಪಟ್ಟಣದ ಯಾರೋ ಗಿರಾಕಿ ಕೇಳಿದ್ದಾರೆ ಎಂದಳು. "ಗಿರಾಕಿ ತುಂಬ ಗಿಡ್ಡ ಇರಬೇಕು" ಎಂದು ಜನ ತಲೆಯಾಡಿಸಿದರು. 

ಆ ಆಮೆಗಳಲ್ಲಿ ಮೂರನೆಯದನ್ನು ಮುಗಿಸುವಾಗ ಹಲ್ಲು ಹೋಯಿತು. ಕೆಂಪು ನೂಲನ್ನು ದವಡೆಗೆ ಕೊಟ್ಟು ಕಡಿದಳು. ನೂಲಿನ ಜೊತೆ ಹಲ್ಲಿನ ಒಂದು ಚೂರೂ ಕೈಗೆ ಬಂತು. ಮೊದಲು ತಣ್ಣೀರು ತಾಗಿದರೆ ಮಾತ್ರ ಜುಮ್ಮೆನ್ನುತ್ತಿತ್ತು. ಆಮೇಲೆ ಬಿಸಿ ಸೂಪಿಗೂ. ಅಕ್ಟೋಬರ್ ಕಳೆಯುವ ಹೊತ್ತಿಗೆ ಏನೂ ತಾಗಬೇಕಾಗಿರಲಿಲ್ಲ. ನೋವು ಕಿವಿಗೆ ಹತ್ತಿ, ಅಲ್ಲಿಂದ ನೆತ್ತಿಗೆ ಹೋಗಿ, ಮತ್ತೆ ದವಡೆಗೆ ಇಳಿಯುತ್ತಿತ್ತು. ಬಡಿತ ಸೊರಗಿತು. ದಬ್. ಬಹಳ ಹೊತ್ತಿನ ಮೇಲೆ ಇನ್ನೊಂದು ದಬ್.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವನು ಎತ್ತಿಕೊಂಡಾದರೂ ದಂತವೈದ್ಯರ ಬಳಿ ಹೋಗುತ್ತಾನೆ. ದಂತವೈದ್ಯರೆಂದರೆ ಸೂಜಿ, ಎಕ್ಸ್‌ರೇ ಫೋಟೋ, ಔಷಧ. ಇಷ್ಟು ವರ್ಷ ಕಾದು ಬಂದ ಮಗುವಿನ ಹತ್ತಿರ ಅದೊಂದೂ ಸುಳಿಯಬಾರದು. ಅತ್ತೆ ಗ್ರೊಜ್ದಾನಾಗೆ ಮಾತ್ರ ಗೊತ್ತಾಯಿತು. ಸೊಸೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುವುದನ್ನು ನೋಡಿದ ಅತ್ತೆ, ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತಳು.

"ಯಾವ ಹಲ್ಲು?"

"ಎಡಗಡೆ, ಕೆಳಗೆ."

"ಒಂದು ಮಗುವಿಗೆ ಒಂದು ಹಲ್ಲು. ಹೆಂಗಸರು ಕೊಡೋ ಸುಂಕ ಅದು. ವಿತೊಮಿರ್ ಹುಟ್ಟಿದಾಗ ನಾನೂ ಕೊಟ್ಟೆ. ಆದರೆ ಹೆರಿಗೆಗೆ ಮೊದಲು ಕೀಳಿಸಬೇಡ ಮಗಳೇ. ಹೊಟ್ಟೇಲಿ ಮಗು ಇರುವಾಗ ಹಲ್ಲಿಗೆ ಕೈ ಹಚ್ಚಬಾರದು ಅಂತ ನಮ್ಮಮ್ಮ ಹೇಳ್ತಿದ್ದಳು."

"ಮತ್ತೆ ನೋವಿಗೆ ಏನು ಮಾಡಲಿ ಅಮ್ಮಾ?"

ಗ್ರೊಜ್ದಾನಾ ಕಪಾಟಿನಿಂದ ಪ್ಲಮ್ ಹಣ್ಣಿನ ರಾಕಿಯಾ ಬಾಟಲಿ ತೆಗೆದಳು. ನಮ್ಮ ಮನೆಗಳಲ್ಲಿ ಜ್ವರಕ್ಕೆ ಎದೆಗೆ ತಿಕ್ಕುವುದೂ ಅದೇ, ಗಾಯ ತೊಳೆಯುವುದೂ ಅದೇ, ಸಾವಿಗೂ ಮದುವೆಗೂ ಕುಡಿಯುವುದೂ ಅದೇ. ಹತ್ತಿಯನ್ನು ಅದರಲ್ಲಿ ಅದ್ದಿ ಸೊಸೆಯ ಕೈಗೆ ಕೊಟ್ಟಳು.

"ಬಸುರಿ ಕುಡೀಬಾರದು ಅಂತಾರಲ್ಲ ಅಮ್ಮಾ."

"ಕುಡಿ ಅಂದವರು ಯಾರು? ಇಟ್ಕೋ ಅಂದೆ."

ಇಟ್ಟುಕೊಂಡಳು. ಒಸಡು ಸುಟ್ಟು ಬೆಳ್ಳಗಾಯಿತು, ಹಲ್ಲಿಗೆ ಏನೂ ಆಗಲಿಲ್ಲ. ಅದಾದ ಮೇಲೆ ಅತ್ತೆ ತನ್ನ ಮೊಣಕಾಲು ನೋವಿನ ಮಾತ್ರೆ ಕೊಟ್ಟಳು. ಒಂದು, ಮರುದಿನ ಇನ್ನೊಂದು. ಕೊಡುವ ಮೊದಲು ಪ್ರತಿಸಲವೂ ಶಿಲುಬೆಯ ಗುರುತು ಮಾಡಿಕೊಂಡಳು. ಸೊಸೆಯ ಹೊಟ್ಟೆಯನ್ನು ಅವಳಷ್ಟು ಕಾದವರು ಬೇರೆ ಯಾರೂ ಇರಲಿಲ್ಲ.

ತೊಂದರೆ ಇನ್ನೊಂದಿತ್ತು. ವಿತೊಮಿರನ ಕುಮ ಸ್ರೆತ್ಕೊ. ಕುಮ ಎಂದರೆ ಮದುವೆಯಲ್ಲಿ ಪಕ್ಕ ನಿಂತವನು, ಮುಂದೆ ಮಗುವಿಗೆ ಹೆಸರಿಡುವವನು, ರಕ್ತಕ್ಕಿಂತ ಹತ್ತಿರ. ಎರಡು ಮನೆಯ ಹೆಂಗಸರೂ ಒಬ್ಬರನ್ನೊಬ್ಬರು ಕುಮಾ ಎಂದೇ ಕರೆಯುತ್ತಾರೆ. ಅವನ ಹೆಂಡತಿ ಕೊವಿಲ್ಕಾ ಊರಿನ ಆರೋಗ್ಯ ಕೇಂದ್ರದ ದಂತವೈದ್ಯೆ. ಮನೆಯ ಕೆಳಗಿನ ಅಂತಸ್ತಿನಲ್ಲಿ ಸಂಜೆ ಸ್ವಂತ ಕ್ಲಿನಿಕ್ ನಡೆಸುತ್ತಾಳೆ. ಅವಳ ಹಸಿರು ಕಾರು ಬೀದಿಗೆ ತಿರುಗಿದರೆ ಸಾಕು, ಸ್ತಮೆನಾ ಹಿತ್ತಲಿಗೆ ಓಡುತ್ತಿದ್ದಳು. ಒಮ್ಮೆ ಕೋಳಿಗೂಡಿನ ಹಿಂದೆ ಅಡಗಿ ಕೂತಿದ್ದಳು, ಆರನೇ ತಿಂಗಳ ಹೊಟ್ಟೆ ಹೊತ್ತುಕೊಂಡು. ಕೋಳಿಗಳು ಅಷ್ಟೊಂದು ಕೂಗಾಡಿದ್ದು ಯಾಕೆಂದು ಕೊವಿಲ್ಕಾಗೆ ಆ ದಿನ ಅರ್ಥವಾಗಲಿಲ್ಲ.

ನವೆಂಬರ್ ಎಂಟಕ್ಕೆ ಸಂತ ದಿಮಿತ್ರಿಯ ದಿನ ಬಂತು. ಅದು ಸ್ರೆತ್ಕೊ ಮನೆತನದ ಸ್ಲಾವಾ, ಅಪ್ಪನಿಂದ ಮಗನಿಗೆ ಇಳಿದುಬಂದ ಸಂತನ ಹಬ್ಬ. ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ಬರುತ್ತಾರೆ, ಬಂದವರನ್ನು ಯಾರೂ ಹಿಂದೆ ಕಳಿಸುವುದಿಲ್ಲ. ಕುಮನ ಸ್ಲಾವಾಕ್ಕೆ ಹೋಗದಿರಲು ಊರು ಒಪ್ಪುವ ಕಾರಣ ಒಂದೇ, ಸತ್ತಿರಬೇಕು.

ಆ ಬೆಳಗ್ಗೆ ಸ್ತಮೆನಾಳ ಎಡಗೆನ್ನೆ ಊದಿಕೊಂಡಿತ್ತು. ಕೆನ್ನೆ ಮುಚ್ಚುವ ಹಾಗೆ ಹೂವಿನ ವಸ್ತ್ರ ಕಟ್ಟಿಕೊಂಡಳು.

"ಏನಾಯ್ತು?" ಎಂದ ವಿತೊಮಿರ್.

"ಎದುರುಬದುರು ಗಾಳಿ. ಕಿಟಕಿ ಬಾಗಿಲು ಎರಡೂ ತೆಗೆದಿತ್ತು."

ಗಾಳಿ ಎಂದ ಮೇಲೆ ನಮ್ಮ ಕಡೆ ಪ್ರಶ್ನೆ ಇಲ್ಲ. ಕುತ್ತಿಗೆ ಹಿಡಿದರೂ, ಕಿವಿ ನೋವಾದರೂ, ಗಂಡಹೆಂಡಿರಿಗೆ ಜಗಳವಾದರೂ ಎದುರುಬದುರು ಗಾಳಿಯೇ ಕಾರಣ. ವಿತೊಮಿರ್ ಸುಮ್ಮನೆ ಎದ್ದು ಕಿಟಕಿ ಮುಚ್ಚಿದ.

ಆ ದಿನ ತಟ್ಟೆ ಎತ್ತಿಡಲು ನಾನೂ ಸ್ರೆತ್ಕೊ ಮನೆಯಲ್ಲಿದ್ದೆ. ಉದ್ದದ ಮೇಜಿನ ಸುತ್ತ ಆಗಲೇ ಜನ ತುಂಬಿದ್ದರು. ನಡುವೆ ದೊಡ್ಡ ಮೇಣದ ಬತ್ತಿ ಉರಿಯುತ್ತಿತ್ತು. ಹುರಿದ ಹಂದಿಮಾಂಸ, ಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಸರ್ಮಾ, ಉಪ್ಪಿನಕಾಯಿ, ಬಗೆಬಗೆಯ ಕೇಕು. ಮನೆಯ ಯಜಮಾನ ಸ್ಲಾವಾದ ದಿನ ಕೂರುವ ಹಾಗಿಲ್ಲ. ಸ್ರೆತ್ಕೊ ನಿಂತೇ ಇದ್ದ, ಲೋಟ ತುಂಬಿಸುತ್ತ. ಬಾಗಿಲಲ್ಲಿ ಕೊವಿಲ್ಕಾ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಝಿತೊ, ಅಂದರೆ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ್ದು. ಒಳಗೆ ಬರುವವರು ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ತಿನ್ನಬೇಕು. ತಿನ್ನದೆ ಹೊಸ್ತಿಲು ದಾಟುವುದು ಮನೆಯ ಸತ್ತವರಿಗೂ ಇದ್ದವರಿಗೂ ಅವಮಾನ.

"ಹಬ್ಬ ಸುಖವಾಗಿರಲಿ, ಕುಮಾ" ಎಂದಳು ಸ್ತಮೆನಾ, ಬಾಯಿ ಅರ್ಧ ತೆರೆದು.

"ನಿಮ್ಮೆಲ್ಲರಿಗೂ. ಈ ವಸ್ತ್ರ ಏನು?"

"ಗಾಳಿ."

"ಓಹೋ" ಎಂದು ಕೊವಿಲ್ಕಾ ಚಮಚ ಮುಂದೆ ಹಿಡಿದಳು.

ಸ್ತಮೆನಾ ಬಲಗೆನ್ನೆಯ ಕಡೆಗೆ ಗೋಧಿಯನ್ನು ತಳ್ಳಿ ನುಂಗಬೇಕೆಂದಿದ್ದಳು. ಆದರೆ ಅಕ್ರೋಟಿನ ಒಂದು ಚೂರು ತನ್ನ ದಾರಿ ತಾನೇ ನೋಡಿಕೊಂಡು ನೇರವಾಗಿ ಆ ಹಲ್ಲಿನ ಗುಳಿಗೆ ಇಳಿಯಿತು. ಅವಳು ಕೂಗಿದ ಕೂಗಿಗೆ ಮೇಣದ ಬತ್ತಿಯ ಜ್ವಾಲೆ ಬಾಗಿತು ಎಂದು ಝಿವೋಯಿನ್ ತಾತ ಈಗಲೂ ಆಣೆ ಇಡುತ್ತಾನೆ. ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದು ಬಗ್ಗಿಬಿಟ್ಟಳು.

ಬಗ್ಗಿದ ಬಸುರಿಯನ್ನು ನೋಡಿ ಹಲ್ಲಿನ ಯೋಚನೆ ಯಾರಿಗೆ ಬರುತ್ತದೆ?

"ನೋವು ಬಂತು! ನೋವು ಬಂತು!"

"ಈಗಲೇ? ಆರೇ ತಿಂಗಳು!"

"ಕಾರು ತೆಗೀರೋ!"

ಕುರ್ಚಿಗಳು ಉರುಳಿದವು. ವಿತೊಮಿರ್ ಕಾರಿನ ಕೀಲಿ ಹುಡುಕುತ್ತ ಮೇಜಿನ ಮೇಲಿದ್ದ ಉಪ್ಪಿನಕಾಯಿ ಬಟ್ಟಲಿಗೆ ಕೈ ಹಾಕಿದ. ಗ್ರೊಜ್ದಾನಾ ಗೋಡೆಯ ಮೇಲಿನ ಸಂತನ ಚಿತ್ರದ ಮುಂದೆ ಮಂಡಿಯೂರಿದಳು. ಇಷ್ಟರ ನಡುವೆ ಸ್ತಮೆನಾ ಒಂದು ಕೈ ಎತ್ತಿ, ಶಾಲೆಯ ಹುಡುಗಿಯ ಹಾಗೆ, "ಹ...ಹಲ್ಲು" ಎಂದಳು.

ವಿತೊಮಿರ್ ಉಪ್ಪಿನಕಾಯಿ ಬಟ್ಟಲಿನಿಂದ ಕೈ ತೆಗೆದ. ಆಮೇಲೆ ಝಿವೋಯಿನ್ ತಾತ, "ನಾವು ಪಿರೋತಿನವರು ಸೋಪಿನ ಚೂರು ಕೂಡಿಡ್ತೀವಿ, ದಾರದ ತುಂಡು ಕೂಡಿಡ್ತೀವಿ. ನೋವನ್ನೂ ಕೂಡಿಡೋಳನ್ನ ಇವತ್ತೇ ನೋಡಿದ್ದು" ಎಂದ. ನಗು ಮೇಜಿನ ಉದ್ದಕ್ಕೂ ಹರಿಯಿತು. ಕೊವಿಲ್ಕಾ ನಗಲಿಲ್ಲ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸ್ತಮೆನಾಳ ವಸ್ತ್ರ ಬಿಚ್ಚಿ, ಕೆನ್ನೆಯನ್ನು ಬೆರಳ ಹಿಂಭಾಗದಿಂದ ಮುಟ್ಟಿ ನೋಡಿದಳು.

"ಗಾಳಿಗೆ ಕೀವು ತುಂಬಲ್ಲ ಕುಮಾ. ಕೋಳಿಗಳು ಯಾಕೆ ಕೂಗಿದ್ವು ಅಂತ ಈಗ ಗೊತ್ತಾಯ್ತು. ನಡಿ ಕೆಳಗೆ."

"ಇಲ್ಲ."

"ಸ್ತಮೆನಾ."

"ನನ್ನ ಮುಟ್ಟಬೇಡ. ಹೆರಿಗೆ ಆಗಲಿ, ಆಮೇಲೆ ಎಲ್ಲಾ ಹಲ್ಲೂ ಕಿತ್ಕೋ. ಬಸುರಿ ಕೇಳ್ತಿದೀನಿ, ಇಲ್ಲ ಅನ್ನಬಾರದು."

ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿದರು. ಕಟ್ಟಳೆ ಕಟ್ಟಳೆಯೇ. ಗ್ರೊಜ್ದಾನಾ ಎದ್ದು ಬಂದು ಸೊಸೆಯ ಪಕ್ಕ ನಿಂತಳು. "ಅವಳು ಹೇಳೋದು ಸರಿ. ಕೇಳಿದ್ದನ್ನ ಕೊಡು ಡಾಕ್ಟರಮ್ಮಾ. ಕಣ್ಣಿಗೆ ಕುರು ಏಳತ್ತೆ."

"ಏಳಲಿ" ಎಂದಳು ಕೊವಿಲ್ಕಾ. "ಇಲ್ಲ ಅಂತಿದೀನಿ, ಎಲ್ಲರೂ ಕೇಳಿಸಿಕೊಳ್ಳಿ. ಕುರುವನ್ನ ಒಂದು ವಾರ ನಾನು ಹೊರ್ತೀನಿ. ಅವಳು ಆ ಹಲ್ಲನ್ನ ಮೂರು ತಿಂಗಳು ಹೊರೋದು ಬೇಡ."

ಸಂತನ ದಿನ, ಉರಿಯುವ ಬತ್ತಿಯ ಎದುರು, ಬಸುರಿಯ ಮಾತಿಗೆ ಇಲ್ಲ ಎಂದವಳನ್ನು ಆ ಮನೆ ಅದೇ ಮೊದಲು ನೋಡಿದ್ದು. ಸ್ತಮೆನಾಗೆ ಅಳು ಬಂತು. ಕೊವಿಲ್ಕಾ ಅವಳನ್ನು ಎಳೆಯಲಿಲ್ಲ. ಕುರ್ಚಿ ತಂದು ಅವಳನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ದನಿ ತಗ್ಗಿಸಿದಳು.

"ಒಂದು ಮಾತು ಹೇಳು. ಮಗ್ಗದ ಮೇಲಿರೋ ಜಮಖಾನಕ್ಕೆ ನುಸಿ ಹತ್ತಿತು ಅನ್ಕೋ. ಇನ್ನೂ ನೇಯ್ದು ಮುಗಿದಿಲ್ಲ ಅಂತ ಮುಗಿಯೋವರೆಗೂ ಬಿಡ್ತೀಯಾ?"

"ಬಿಟ್ಟರೆ ಏನು ಉಳಿಯತ್ತೆ?"

"ಮತ್ತೆ?"

ಸ್ತಮೆನಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಸೂಜಿ ಇವನಿಗೆ ತಾಗಿದರೆ?"

"ಆ ಮದ್ದು ಹಲ್ಲಿನ ಸುತ್ತ ಕೆಲಸ ಮಾಡತ್ತೆ. ಬಸುರಿಯರಿಗೆ ಕೊಡೋದೇ ಅದನ್ನ, ದಿನಾ ಕೊಡ್ತೀವಿ. ಆದರೆ ಕೀವು ಅಲ್ಲೇ ಇರ್ತೀನಿ ಅಂತ ಮಾತು ಕೊಟ್ಟಿಲ್ಲ. ಅದು ರಕ್ತಕ್ಕೆ ಸೇರಿ ಜ್ವರ ಬಂದರೆ ತೊಂದರೆ ನಿನಗೂ ಮಗುಗೂ. ನೀನು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?"

ಸ್ತಮೆನಾ ಮೇಜಿನ ಮೇಲಿದ್ದ ಸರ್ಮಾ ಕಡೆಗೆ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ. ಆಮೇಲೆ ಮೆಲ್ಲಗೆ ಎದ್ದಳು. "ಅಮ್ಮಾ, ನೀನೂ ಬಾ" ಎಂದು ಅತ್ತೆಯ ಕೈ ಹಿಡಿದಳು.

"ಅಯ್ಯೋ, ಡಾಕ್ಟರು ಕುಡಿದಿಲ್ಲ ತಾನೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಬಡಿಸೋಳಿಗೆ ಕುಡಿಯೋಕೆ ಪುರುಸೊತ್ತೆಲ್ಲಿ? ಬೆಳಗಿನಿಂದ ನೀರೂ ಕುಡಿದಿಲ್ಲ" ಎಂದು ಕೊವಿಲ್ಕಾ ಮೆಟ್ಟಿಲು ಇಳಿದಳು.

ಹಬ್ಬಕ್ಕೆಂದೇ ಜೋಪಾನ ಮಾಡುವ ಕಪ್ಪು ಮಖಮಲ್ಲಿನ ಉಡುಪಿನ ಮೇಲೆ ಬಿಳಿ ಕೋಟು ಹಾಕಿಕೊಂಡಳು. ಮೊದಲು ಕೇಳಿದ್ದೆಲ್ಲ ಪ್ರಶ್ನೆಗಳು. ಜ್ವರ ಇದೆಯಾ? ನೋಡಿದಳು, ಇರಲಿಲ್ಲ. ನುಂಗಲು, ಉಸಿರಾಡಲು ಕಷ್ಟವಾ? ಬಾಯಿ ಪೂರ್ತಿ ತೆಗೆಯೋಕೆ ಆಗ್ತಿಲ್ವಾ? "ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನಿನ್ನ ಇಲ್ಲಿ ಕೂರಿಸ್ತಿರಲಿಲ್ಲ, ನೇರ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ." ಯಾವ ಮದ್ದಿಗಾದರೂ ಮೈ ಕೆರೆತ, ಬಾವು ಬಂದದ್ದುಂಟಾ? ಇಲ್ಲ. ಏನೇನು ತಗೊಂಡೆ?

ಸ್ತಮೆನಾ ಅತ್ತೆಯ ಕಡೆ ನೋಡಿದಳು. ಅತ್ತೆ ನೆಲ ನೋಡಿದಳು.

"ಹತ್ತಿ" ಎಂದಳು ಗ್ರೊಜ್ದಾನಾ. "ರಾಕಿಯಾದಲ್ಲಿ. ಆಮೇಲೆ ನನ್ನ ಕಾಲುನೋವಿನ ಮಾತ್ರೆ, ಎರಡು." ಸೊಸೆಯ ಹೊಟ್ಟೆಯ ಕಡೆ ನೋಡಿದಳು. "ಮಗುಗೆ ಏನಾದರೂ...?"

ಕೊವಿಲ್ಕಾ ಅವಳ ಭುಜ ಹಿಡಿದಳು. "ಎರಡೇ ಅಲ್ವಾ? ಹೆದರಬೇಡಿ. ಹೆರಿಗೆ ಡಾಕ್ಟರಿಗೆ ಈಗಲೇ ಹೇಳೋಣ. ಆದರೆ ಇನ್ನು ಕೊಡಬೇಡಿ. ಆ ಜಾತಿ ಮಾತ್ರೆ ಈ ತಿಂಗಳಲ್ಲಿ ಮಗುವಿನ ಗುಂಡಿಗೆಗೂ ಮೂತ್ರಪಿಂಡಕ್ಕೂ ಒಳ್ಳೇದಲ್ಲ. ರಾಕಿಯಾ ಬಾಯಲ್ಲಿ ಇಟ್ಟರೂ ಒಳಗೆ ಇಳಿಯತ್ತೆ, ಮೇಲಿಂದ ಒಸಡನ್ನೂ ಸುಡತ್ತೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ನಾನು ಬರೆದುಕೊಟ್ಟಷ್ಟೇ. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲಿ. ಕೆನ್ನೆಗೆ ಹೊರಗಿನಿಂದ ತಣ್ಣೀರ ಬಟ್ಟೆ ಒತ್ತಲಿ. ಇದೆಲ್ಲ ಹಲ್ಲು ತೋರಿಸೋವರೆಗೆ, ತೋರಿಸೋ ಬದಲಿಗೆ ಅಲ್ಲ."

ದೊಡ್ಡಾಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯವರು ಯಾರದೋ ಸ್ಲಾವಾದ ಕೇಕು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದರು. ಶುರುಮಾಡಿ, ನಾಳೆ ಬೆಳಗ್ಗೆ ಅವಳನ್ನು ನನ್ನ ಹತ್ತಿರ ಕಳಿಸಿ, ಮಗುವನ್ನೂ ನೋಡುತ್ತೇನೆ ಎಂದರು.

ಹೊಟ್ಟೆಯ ಮೇಲೆ ಸೀಸದ ಭಾರದ ಕವಚ ಹೊದಿಸಿ ಆ ಒಂದು ಹಲ್ಲಿನ ಫೋಟೋ ತೆಗೆದಳು. ಕುರ್ಚಿಯನ್ನು ಪೂರ್ತಿ ಮಲಗಿಸಲಿಲ್ಲ. ಸ್ತಮೆನಾಳ ಬಲ ಸೊಂಟದ ಕೆಳಗೆ ದಿಂಬು ಇಡಲು, ಸಹಾಯಕ್ಕೆಂದು ಜೊತೆಗೆ ಕೆಳಗೆ ಬಂದಿದ್ದ ನನಗೆ ಹೇಳಿದಳು. ಎಡಕ್ಕೆ ಸ್ವಲ್ಪ ವಾಲಿದರೆ ಹೊಟ್ಟೆಯ ಭಾರ ಬೆನ್ನ ಬಳಿಯ ದೊಡ್ಡ ರಕ್ತನಾಳವನ್ನು ಒತ್ತುವುದಿಲ್ಲವಂತೆ, ತಲೆಸುತ್ತು ಬರುವುದಿಲ್ಲವಂತೆ. ಮೇಲಿನ ಕೋಣೆಯಿಂದ ತಂದ ಆ ದಿಂಬಿಗೆ ಸ್ತಮೆನಾಳೇ ನೇಯ್ದುಕೊಟ್ಟ ಹೊದಿಕೆ ಇತ್ತು.

ಸೂಜಿ ಹೋಯಿತು. ಗ್ರೊಜ್ದಾನಾ ಸೊಸೆಯ ಕೈ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ಸೂಜಿ ತನಗೇ ಹೋದ ಹಾಗೆ. ಮೇಲೆ, ಕಾದು ಕಾದು ಬೇಸತ್ತ ನೆಂಟರು ಹಾಡು ಶುರುಮಾಡಿದರು. ಕಾಲು ಬಡಿತ ಚಾವಣಿಯಿಂದ ಇಳಿಯಿತು. ದಬ್, ದಬ್, ದಬ್. ಹಲ್ಲು ಕೊರೆಯುವ ಯಂತ್ರ ಕುಯ್ಯೆಂದಾಗ ಸ್ತಮೆನಾ ಹೊಟ್ಟೆಯ ಕಡೆ ಬೆರಳು ತೋರಿಸಿ ಕಣ್ಣರಳಿಸಿದಳು. ಉಡುಪಿನ ಬಟ್ಟೆ ಒಂದು ಕಡೆ ಮೆಲ್ಲಗೆ ಎದ್ದು, ಇಳಿಯಿತು.

"ಒದೀತಿದಾನಾ?" ಎಂದಳು ಕೊವಿಲ್ಕಾ. "ನನ್ನನ್ನೇ. ಒದೀಲಿ ಬಿಡು, ಒದೆಯೋ ಮಗು ಗಟ್ಟಿ ಮಗು."

ಹಲ್ಲು ತೆರೆದುಕೊಂಡಿತು. ಒಳಗೆ ಒತ್ತಿಕೊಂಡಿದ್ದದ್ದೆಲ್ಲ ಹೊರಗೆ ಬಂತು. ಸ್ತಮೆನಾಳ ಹುಬ್ಬಿನ ನಡುವೆ ಎಷ್ಟೋ ದಿನದಿಂದ ಇದ್ದ ಗೆರೆ ನಾವು ನೋಡುತ್ತಿದ್ದಂತೆ ಅಳಿಸಿಹೋಯಿತು. ಕೊವಿಲ್ಕಾ ಹಲ್ಲಿನ ಬೇರನ್ನು ತೊಳೆದು, ಮದ್ದು ತುಂಬಿ, ಮೇಲೆ ಮುಚ್ಚಿದಳು. ಊತ ಇಳಿಯಲು ಬಸುರಿಯರಿಗೆ ಹೊಂದುವ ಮಾತ್ರೆ ಬರೆದುಕೊಟ್ಟಳು. ಸ್ತಮೆನಾ ಕುರ್ಚಿಯಲ್ಲಿ ಎದ್ದು ಕೂತಳು. ಆಮೇಲೆ ಮರಗಟ್ಟಿದ ತುಟಿಯಿಂದ ಮೊದಲ ಮಾತು ಆಡಿದಳು.

"ಸರ್ಮಾ ಉಳಿದಿದೆಯಾ?"

ಗ್ರೊಜ್ದಾನಾ ಅಳುತ್ತ ನಕ್ಕಳು, ನಗುತ್ತ ಅತ್ತಳು.

"ತುಟಿಗೆ ಜೀವ ಬರೋವರೆಗೆ ಇಲ್ಲ. ನಿನ್ನ ಕೆನ್ನೆಯನ್ನೇ ಕಚ್ಚಿಕೊಳ್ತೀಯ" ಎಂದಳು ಕೊವಿಲ್ಕಾ.

"ಬಸುರಿ ಕೇಳ್ತಿದೀನಿ."

"ಒಂದು ಕಣ್ಣು ಹೋಗಿದೆ. ಇನ್ನೊಂದಕ್ಕೂ ಏಳಲಿ. ಇಲ್ಲ."

ಆ ಸಂಜೆ ಸ್ತಮೆನಾ ತಿಂದ ಸರ್ಮಾ ಎಷ್ಟು ಎಂದು ಯಾರೂ ಎಣಿಸಲಿಲ್ಲ. ಸ್ರೆತ್ಕೊ ಪಾತ್ರೆಯನ್ನೇ ತಂದು ಅವಳ ಮುಂದೆ ಇಟ್ಟುಬಿಟ್ಟ. ವಿತೊಮಿರ್ ಹೆಂಡತಿಯ ಪಕ್ಕ ಕೂತು ಅವಳು ಅಗಿಯುವುದನ್ನೇ ನೋಡುತ್ತಿದ್ದ. ಮರುದಿನ ಹೆರಿಗೆ ಡಾಕ್ಟರು ನೋಡಿ, ಮಗು ಚೆನ್ನಾಗಿದೆ ಎಂದರು.

ಹಲ್ಲಿನ ಉಳಿದ ಕೆಲಸ ಆರೋಗ್ಯ ಕೇಂದ್ರದಲ್ಲಿ ನಡೆಯಿತು. ಬಸುರಿಯರಿಗೆ ಅಲ್ಲಿ ದುಡ್ಡಿಲ್ಲ ಎಂದು ಗೊತ್ತಾದಾಗ ಗ್ರೊಜ್ದಾನಾ ನಿಜವಾಗಿಯೂ ಕೋಪಗೊಂಡಳು. "ಪುಕ್ಕಟೆ ಅಂತ ಮೊದಲೇ ಹೇಳಬಾರದಿತ್ತಾ? ರಾಕಿಯಾ ಸುಮ್ಮನೆ ದಂಡ ಆಯ್ತಲ್ಲ!"

ಸ್ಲಾವಾ ಕಳೆದ ವಾರದಲ್ಲೇ ಕೊವಿಲ್ಕಾಳ ಬಲಗಣ್ಣಿನ ರೆಪ್ಪೆಯ ಮೇಲೆ ಕೆಂಪಗೆ ಒಂದು ಕುರು ಎದ್ದಿತು. ಮೂರು ದಿನ ನಿದ್ದೆಗೆಟ್ಟು ಹಬ್ಬದ ಅಡುಗೆ ಮಾಡಿದ್ದಕ್ಕೆ, ಒಲೆಯ ಹೊಗೆಗೆ ಎಂದು ಅವಳು ಹೇಳಿದಳು. ಬೀದಿ ತಲೆಯಾಡಿಸಿತು, ಗಿಡ್ಡ ಗಿರಾಕಿಗೆ ತಲೆಯಾಡಿಸಿದ ಹಾಗೆಯೇ. ಗ್ರೊಜ್ದಾನಾ ಬಿಸಿನೀರ ಬಟ್ಟೆ, ಹೊಸದಾಗಿ ಬೇಯಿಸಿದ ರೊಟ್ಟಿ ಹಿಡಿದುಕೊಂಡು ಅವಳ ಮನೆಗೆ ಹೋಗಿ, ಕಣ್ಣಿಗೆ ತಾನೇ ಕಾವು ಕೊಟ್ಟಳು. "ಹೇಳಿದ್ದೆ ನಾನು" ಎಂದಳು. ಆಮೇಲೆ ಅವಳ ಹಣೆಗೆ ಮುತ್ತಿಟ್ಟಳು.

ಫೆಬ್ರುವರಿಯಲ್ಲಿ, ಚಾವಣಿಯ ಹಿಮ ಜಾರಿ ಬೀಳುವ ದಿನಗಳಲ್ಲಿ, ಹೆಣ್ಣು ಮಗು ಹುಟ್ಟಿತು. ಎಲ್ಲರೂ ಗಂಡು ಅಂದುಕೊಂಡು ಮಾತಾಡಿಸುತ್ತಿದ್ದದ್ದಕ್ಕೆ ಅಷ್ಟೊಂದು ಒದ್ದಿರಬೇಕು ಎಂದಳು ಸ್ತಮೆನಾ. ಹೆಸರಿಡುವ ಹಕ್ಕು ಕುಮನದು. ಸ್ರೆತ್ಕೊ ದುನ್ಯಾ ಎಂದು ಕರೆದ. ಝಿವೋಯಿನ್ ತಾತ ಅದು ತನ್ನ ಮರದ ಹಣ್ಣಿನ ಮಹಿಮೆ ಎಂದು ಬೀದಿಯ ತುಂಬ ಹೇಳಿಕೊಂಡು ಬಂದ. ಆಮೆಗಳ ಪುಟ್ಟ ಜಮಖಾನ ನೀಶ್ ಪಟ್ಟಣಕ್ಕೆ ಹೋಗಲೇ ಇಲ್ಲ. ತೊಟ್ಟಿಲ ಕೆಳಗೆ ಹಾಸಾಯಿತು. ನೋವಿನ ದಿನಗಳಲ್ಲಿ ನೇಯ್ದ ಮೂರನೆಯ ಆಮೆ ಸ್ವಲ್ಪ ಓರೆಯಾಗಿದೆ. ಎರಡು ಕಡೆಯಿಂದ ನೋಡಿದರೂ ಓರೆಯೇ. ಬಿಚ್ಚಿ ಸರಿಮಾಡು ಎಂದರೆ ಸ್ತಮೆನಾ ಕೇಳುವುದಿಲ್ಲ.

ಮಗುವಿನ ಹೆಸರಿಡುವ ದಿನ ಕೊವಿಲ್ಕಾ ಬೆಳ್ಳಿ ಚಮಚದ ಜೊತೆ ಇನ್ನೊಂದು ಕೊಡುಗೆ ತಂದಿದ್ದಳು, ಅದು ತಾಯಿಗೆ. ಮೊಂಡು ತುದಿಯ ಸಣ್ಣ ಕತ್ತರಿ, ಕುತ್ತಿಗೆಗೆ ಹಾಕಿಕೊಳ್ಳಲು ಕೆಂಪು ದಾರ ಕಟ್ಟಿದ್ದು. ಒಂದು ಮಗು ಹೆತ್ತು ಎಲ್ಲ ಹಲ್ಲನ್ನೂ ಉಳಿಸಿಕೊಂಡವಳು ಮನೆಯಲ್ಲಿ ಇವಳೇ ಮೊದಲು ಎಂದು ಗ್ರೊಜ್ದಾನಾ ಬಂದವರಿಗೆಲ್ಲ ಸೊಸೆಯ ಬಾಯಿ ತೆರೆಸಿ ತೋರಿಸುತ್ತಿದ್ದಳು, ಸಂತೆಯಲ್ಲಿ ಕುದುರೆ ತೋರಿಸುವ ಹಾಗೆ.

ಮೊನ್ನೆ ಬೆಳಗ್ಗೆ ಹೋದಾಗ ಕಿಟಕಿ ತೆರೆದಿತ್ತು, ಬಡಿತ ಕುಣಿಯುತ್ತಿತ್ತು. ದುನ್ಯಾ ನೂಲಿನ ಉಂಡೆಗಳ ನಡುವೆ ಕೂತು ಹಸಿರು ಉಂಡೆಯೊಂದನ್ನು ಎರಡೇ ಹಲ್ಲಿನಿಂದ ಕಚ್ಚಲು ನೋಡುತ್ತಿದ್ದಳು.

"ನೋಡು ಇವಳನ್ನ, ಮುತ್ತಜ್ಜಿಯ ರಕ್ತ" ಎಂದು ಸ್ತಮೆನಾ ಉಂಡೆ ಕಿತ್ತುಕೊಂಡು ನಕ್ಕಳು. ಮಾತಾಡುತ್ತಲೇ ಒಂದು ಸಾಲು ಬಡಿದು ಮುಗಿಸಿದಳು, ಕೆಂಪು ನೂಲಿನ ತುದಿಯನ್ನು ಬೆರಳಿಗೆ ಸುತ್ತಿ ತುಟಿಯವರೆಗೆ ತಂದಳು. ಅಲ್ಲೇ ನಿಲ್ಲಿಸಿದಳು. ಎಡಗೈ ಕುತ್ತಿಗೆಯ ಬಳಿ ತಡಕಾಡಿತು. ಕೆಂಪು ದಾರ ಇರಲಿಲ್ಲ. ಅಡುಗೆಮನೆಯಿಂದ ಹಸಿ ಈರುಳ್ಳಿ ಸೊಪ್ಪಿನ ಘಾಟು ಬಂತು.

"ಅಮ್ಮಾ!" ಎಂದು ಕೂಗಿ ಪೀಠದಿಂದ ಎದ್ದಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ನನ್ನ ಕಡೆ ತಿರುಗಿ, "ಒಂದು ನಿಮಿಷ, ಕೂತಿರು. ನಾನು ಹಲ್ಲಲ್ಲಿ ಕಚ್ಚಬಾರದು ಅಂತ ಕುಮಾ ಆ ಕತ್ತರಿ ತಂದುಕೊಟ್ಟರೆ ಇವರು ಅದನ್ನ ದಿನಾ ಸೊಪ್ಪು ಹೆಚ್ಚೋಕೆ..." ಎನ್ನುತ್ತ ಅಡುಗೆಮನೆಯ ಕಡೆಗೆ ನಡೆದೇಬಿಟ್ಟಳು, "ಅಮ್ಮಾ, ಅದನ್ನ ತೊಳೆದಾದರೂ ಕೊಡು!"